ನೆನಪಿನ ಡಬ್ಬಿಗೆ ಪಾಲಿಮರ್ ಕ್ಲೇ ಅಲಂಕಾರ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹಿಂದಿನ ಸಂಚಿಕೆಯಲ್ಲಿ ಪಾಲಿಮರ್ ಕ್ಲೇ ಬಗ್ಗೆ, ಅಂದರೆ ಕೈಯಲ್ಲಿ ನಾದಿ ಆಕಾರ ಕೊಟ್ಟು ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಮೆತ್ತನೆಯ ವಸ್ತುವಿನ ಬಗ್ಗೆ ಬರೆದಿದ್ದೆ. ಓಲೆ, ಕೀ ಚೈನ್ ಮಾಡುವುದನ್ನು ಕೇಳಿ ಪತ್ರ ಬರಬಹುದು ಅಂದುಕೊಂಡಿದ್ದೆ. ಬಂದವುಗಳಲ್ಲಿ ಜಾಸ್ತಿ ಇದ್ದದ್ದು ಡಬ್ಬಿಗಳ ಪ್ರಶ್ನೆ: ಅಮ್ಮನ ಪೆಟ್ಟಿಗೆ, ಮಗುವಿನ ಮೊದಲ ಹಲ್ಲು, ಅಜ್ಜಿಯ ಕಾಗದ. ನನಗೂ ಇದು ತುಂಬಾ ಇಷ್ಟದ ಕೆಲಸ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಡಬ್ಬಿಗಳಿಗೇ ಮೀಸಲು.

ಪ್ರಶ್ನೆ: ಅಕ್ಕಾ, ಅಮ್ಮ ತೀರಿಕೊಂಡ ಮೇಲೆ ಅವರ ಓಲೆ, ಕನ್ನಡಕ, ಪೆನ್ನು ಎಲ್ಲವನ್ನೂ ಒಂದು ಪುಟ್ಟ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪೆಟ್ಟಿಗೆಯೂ ಅವರದೇ. ಅದರ ಮೇಲೆ ಪೂರ್ತಿ ಕ್ಲೇ ಹೊದಿಸಿ ಹೂಬಳ್ಳಿ ಮಾಡಬೇಕು ಅನ್ನಿಸಿದೆ. ಮರಕ್ಕೆ ಕ್ಲೇ ಅಂಟುತ್ತದಾ? ಓವನ್‌ನಲ್ಲಿ ಮರ ಸುಟ್ಟುಹೋಗುವುದಿಲ್ಲವಾ?

ಉತ್ತರ: ಮರ ಸುಡುವುದಿಲ್ಲ. ಹೆಚ್ಚಿನ ಪಾಲಿಮರ್ ಕ್ಲೇಗಳು ಬೇಯುವುದು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿಗೆ ಮರವಾಗಲಿ ರಟ್ಟಾಗಲಿ ಹೊತ್ತಿಕೊಳ್ಳುವುದಿಲ್ಲ. ನನಗೆ ಚಿಂತೆ ಇರುವುದು ನಿಮ್ಮ ಪೆಟ್ಟಿಗೆಯ ವಯಸ್ಸಿನ ಬಗ್ಗೆ. ಹಳೆಯ ಪಾಲಿಶ್ ಬಿಸಿಗೆ ಗುಳ್ಳೆ ಏಳಬಹುದು. ಮೂಲೆಗಳಲ್ಲಿ ಹಾಕಿದ ಹಳೆಯ ಅಂಟು ಸಡಿಲವಾಗಬಹುದು. ಇನ್ನೊಂದು ತರಲಾಗದ ವಸ್ತುವನ್ನು ಓವನ್‌ಗೆ ಇಡಬೇಡಿ ಎಂದೇ ನಾನು ಹೇಳುವುದು.

ಇನ್ನೂ ಒಂದು ಮಾತು. ಅಮ್ಮ ದಿನಾ ಮುಟ್ಟಿ ಮುಟ್ಟಿ ನುಣುಪಾದ ಮರ ಅದು. ಅದನ್ನು ಪೂರ್ತಿ ಮುಚ್ಚಿಬಿಟ್ಟರೆ ಆ ಸ್ಪರ್ಶವೇ ನಿಮ್ಮ ಕೈಗೆ ಸಿಗುವುದಿಲ್ಲ. ಅಲ್ವಾ? ಮುಚ್ಚಳದ ನಡುವೆ ಕೂರುವಂಥ ಒಂದು ಬಿಲ್ಲೆಯನ್ನು ಬೇರೆಯಾಗಿ ಮಾಡಿ. ಮುಚ್ಚಳದ ಅಳತೆಗೆ ಕಾಗದ ಕತ್ತರಿಸಿ, ಅದಕ್ಕಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ಒಳಕ್ಕೆ ಇರುವಂತೆ ಇನ್ನೊಂದು ಕಾಗದ ಮಾಡಿಕೊಳ್ಳಿ. ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಕ್ಲೇ ಲಟ್ಟಿಸಿ, ಆ ಕಾಗದದ ಆಕಾರಕ್ಕೆ ಕೊಯ್ದು, ಅದರ ಮೇಲೆ ಬಳ್ಳಿ, ಹೂವು ಕೂರಿಸಿ, ನುಣುಪಾದ ಟೈಲ್ ಮೇಲೆ ಇಟ್ಟು ಬೇಯಿಸಿ. ಈ ಕ್ಲೇ ಬೆಂದಾಗ ಹೆಚ್ಚೇನೂ ಕುಗ್ಗುವುದಿಲ್ಲ, ಹಾಗಾಗಿ ಅಳತೆ ತಪ್ಪುವುದಿಲ್ಲ. ಓವನ್‌ನಿಂದ ತೆಗೆದಾಗ ಅಂಚು ಸ್ವಲ್ಪ ಮೇಲೆದ್ದಿದ್ದರೆ ಬಿಸಿ ಇರುವಾಗಲೇ ಹೂವಿಲ್ಲದ ಅಂಚಿನ ಮೇಲೆ ಇನ್ನೊಂದು ಟೈಲ್ ಇಟ್ಟು ಆರಲು ಬಿಡಿ. ಆಮೇಲೆ ಮುಚ್ಚಳಕ್ಕೆ ಎರಡು ಬದಿ ಅಂಟುವ ಟೇಪ್ ಹಾಕಿ ಕೂರಿಸಿ. ಮುಂದೆ ಯಾವತ್ತಾದರೂ ಬೇಡ ಅನ್ನಿಸಿದರೆ ಮೆಲ್ಲಗೆ ಬಿಡಿಸಬಹುದು.

ಹೊಸ ಮರದ ಡಬ್ಬಿಯಾದರೆ ವಿಷಯ ಬೇರೆ. ಅದನ್ನು ಧೈರ್ಯವಾಗಿ ಪೂರ್ತಿ ಹೊದಿಸಿ. ಮೊದಲು ಕೀಲು, ಚಿಲಕ ಬಿಚ್ಚಿಡಿ. ಖಾಲಿ ಡಬ್ಬಿಯನ್ನು ಕ್ಲೇ ಬೇಯುವ ಬಿಸಿಯಲ್ಲೇ ಅರ್ಧ ಗಂಟೆ ಓವನ್‌ನಲ್ಲಿ ಇಟ್ಟು ತೆಗೆಯಿರಿ. ಮರದೊಳಗಿನ ತೇವ ಆಗಲೇ ಹೊರಟುಹೋದರೆ ಆಮೇಲೆ ಕ್ಲೇ ಅಡಿಯಲ್ಲಿ ಗುಳ್ಳೆ ಏಳುವುದು ಕಡಿಮೆ. ಆರಿದ ಮೇಲೆ ಸ್ಯಾಂಡ್ ಪೇಪರ್‌ನಿಂದ ಒಂದು ಸುತ್ತು ಉಜ್ಜಿ, ಮರಗೆಲಸದ ಬಿಳಿ ಅಂಟನ್ನು ಬ್ರಷ್‌ನಲ್ಲಿ ತೆಳ್ಳಗೆ ಬಳಿದು ಪೂರ್ತಿ ಒಣಗಲು ಬಿಡಿ. ಬರೀ ಮರಕ್ಕೆ ಹಸಿ ಕ್ಲೇ ಅಂಟಿದ ಹಾಗೆ ಕಾಣುತ್ತದೆ, ಬೆಂದ ಮೇಲೆ ಎದ್ದು ಬರುತ್ತದೆ. ಒಣಗಿದ ಅಂಟಿನ ಪದರ ಇದ್ದರೆ ಹಿಡಿದುಕೊಳ್ಳುತ್ತದೆ. ಕ್ಲೇ ಹಾಳೆಯನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ, ಗಾಳಿ ಹೊರಗೆ ಹೋಗಲಿ. ಎಲ್ಲಾದರೂ ಉಬ್ಬಿದರೆ ಸೂಜಿಯಿಂದ ಚುಚ್ಚಿ ಒತ್ತಿ. ಹಾಳೆಯ ಎರಡು ತುದಿ ಸೇರುವ ಗೆರೆಯನ್ನು ಡಬ್ಬಿಯ ಹಿಂಬದಿಗೆ ತನ್ನಿ. ಅದರ ಮೇಲೊಂದು ಬಳ್ಳಿ ಹರಿಸಿದರೆ ಗೆರೆ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: ಮೇಡಂ, ಚಿಕ್ಕ ತಗಡಿನ ಡಬ್ಬಿಗೆ ಸುತ್ತಲೂ ಕ್ಲೇ ಹಾಕಿ ಬೇಯಿಸಿದೆ. ನೋಡಲು ತುಂಬಾ ಚೆನ್ನಾಗಿದೆ. ಆದರೆ ಮುಚ್ಚಳ ಹಾಕಲು ಬರುತ್ತಿಲ್ಲ! ಈಗ ಏನು ಮಾಡಲಿ?

ಉತ್ತರ: ಡಬ್ಬಿ ಮಾಡುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ. ಅಲಂಕಾರ ಎಷ್ಟೇ ಚೆನ್ನಾಗಿರಲಿ, ಮುಚ್ಚಳ ಸಲೀಸಾಗಿ ತೆರೆದು ಮುಚ್ಚಬೇಕು. ಮತ್ತೆ ಮತ್ತೆ ತೆರೆದು ನೋಡಲಿಕ್ಕೆ ತಾನೇ ಈ ಡಬ್ಬಿ ಇರುವುದು.

ತಗಡಿನ ಡಬ್ಬಿಗಳಲ್ಲಿ ಮುಚ್ಚಳದ ಅಂಚು ಕೆಳಗಿನ ಭಾಗದ ಮೇಲೆ ಇಳಿದು ಕೂರುತ್ತದೆ. ಅದು ಇಳಿಯುವ ಜಾಗದಲ್ಲಿ ಕ್ಲೇ ಇರಬಾರದು. ಶುರು ಮಾಡುವ ಮೊದಲು ಮುಚ್ಚಳ ಹಾಕಿ, ಅದರ ಅಂಚಿನ ಉದ್ದಕ್ಕೂ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಕ್ಲೇ ಆ ಗೆರೆಗಿಂತ ಒಂದು ಮಿಲಿಮೀಟರ್ ಕೆಳಗೇ ನಿಲ್ಲಲಿ. ಕೀಲು ಇರುವ ಬದಿಯಲ್ಲಿ ಇನ್ನೂ ಜಾಸ್ತಿ ಜಾಗ ಬಿಡಿ, ಯಾಕೆಂದರೆ ತೆರೆದಾಗ ಮುಚ್ಚಳದ ಹಿಂಭಾಗ ಕೆಳಕ್ಕೆ ತಿರುಗಿ ಬರುತ್ತದೆ. ಕ್ಲೇ ಹಸಿ ಇರುವಾಗಲೇ ಮುಚ್ಚಳವನ್ನು ಪೂರ್ತಿ ತೆರೆದು, ಮುಚ್ಚಿ ನೋಡಿ. ಎಲ್ಲಿ ತಾಗುತ್ತದೆಯೋ ಅಲ್ಲಿ ಕ್ಲೇ ಮೇಲೆ ಗುರುತು ಬೀಳುತ್ತದೆ. ಅಷ್ಟನ್ನು ಬ್ಲೇಡಿನಿಂದ ತೆಗೆದರಾಯಿತು.

ಈಗ ಮಾಡಿರುವುದನ್ನು ಎಸೆಯಬೇಡಿ. ಡಬ್ಬಿಯನ್ನು 100 ಡಿಗ್ರಿ ಬಿಸಿಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಬಿಸಿ ಇದ್ದಾಗ ಬೆಂದ ಕ್ಲೇ ಕೂಡ ಮೆತ್ತಗೆ ಬಾಗುತ್ತದೆ, ಬ್ಲೇಡು ಚೆನ್ನಾಗಿ ಹೋಗುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಪೆನ್ಸಿಲ್ ಗೆರೆ ಇರಬೇಕಿದ್ದ ಕಡೆ ಕೊಯ್ಯಿರಿ. ಆರಿದ ಮೇಲೆ ಅಂಚನ್ನು ನೀರು ಹಾಕಿ 400 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಕೊಯ್ಯುವಾಗ ಕ್ಲೇ ತಗಡಿನಿಂದ ಚಿಪ್ಪಿನ ಹಾಗೆ ಪೂರ್ತಿ ಕಳಚಿ ಬಂದರೂ ಹೆದರಬೇಡಿ. ಲೋಹಕ್ಕೆ ಈ ಕ್ಲೇ ಗಟ್ಟಿಯಾಗಿ ಅಂಟುವುದೇ ಇಲ್ಲ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಹಾಕಿ ಮತ್ತೆ ಕೂರಿಸಿ. ಹಾಗೆ ಕೂರಿಸಿದ್ದೇ ಜಾಸ್ತಿ ಬಾಳಿಕೆ ಬರುತ್ತದೆ.

ಪ್ರಶ್ನೆ: ಒಂದು ಪ್ಯಾಕೆಟ್ಟಿನ ಮೇಲೆ 110 ಡಿಗ್ರಿ, ಇನ್ನೊಂದರ ಮೇಲೆ 130 ಡಿಗ್ರಿ ಎಂದಿದೆ. ಎರಡನ್ನೂ ಒಂದೇ ಡಬ್ಬಿಗೆ ಬಳಸಬಹುದಾ? ಹೋದ ಸಲ ಬಿಳಿ ಹೂವುಗಳು ಕಂದು ಬಣ್ಣಕ್ಕೆ ತಿರುಗಿದವು.

ಉತ್ತರ: ಬಳಸಬಹುದು. ಫೀಮೋ ಬ್ರ್ಯಾಂಡಿನ ಕ್ಲೇಗೆ 110 ಡಿಗ್ರಿಯಲ್ಲಿ 30 ನಿಮಿಷ. ಸ್ಕಲ್ಪಿ ಪ್ರೀಮೋಗೆ 130 ಡಿಗ್ರಿ, ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ. ಕೇಟೋ ಕ್ಲೇ ಇನ್ನೂ ಜಾಸ್ತಿ ಬಿಸಿ ಕೇಳುತ್ತದೆ, ಸುಮಾರು 150. ಕೇಟೋವನ್ನು ಉಳಿದವುಗಳ ಜೊತೆ ಬೆರೆಸದಿರುವುದು ಒಳ್ಳೆಯದು. ಮೊದಲಿನ ಎರಡನ್ನು ಒಟ್ಟಿಗೆ ಹಾಕಿದಾಗ ನಾನು 125 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತೇನೆ. ಡಬ್ಬಿ ಇಡುವ ಮೊದಲು ಎರಡೂ ಕ್ಲೇಯ ಒಂದೊಂದು ಚೂರನ್ನು ಬೇಯಿಸಿ ಬಣ್ಣ ನೋಡಿಕೊಳ್ಳುತ್ತೇನೆ.

ಬಿಳಿ ಬಣ್ಣ ಕಂದಾಗಿದ್ದರೆ ತಪ್ಪು ನಿಮ್ಮ ಓವನ್ನಿನ ಗುಂಡಿಯದು. ಗುಂಡಿ 130 ತೋರಿಸುವಾಗ ಒಳಗೆ 150 ಇರುವುದು ತೀರಾ ಸಾಮಾನ್ಯ. ಚಿಕ್ಕ ಓವನ್‌ಗಳಲ್ಲಿ ಮೇಲಿನ ಕಂಬಿ ಡಬ್ಬಿಯ ನೆತ್ತಿಗೇ ಬಂದಿರುತ್ತದೆ, ಬಿಸಿ ನೇರವಾಗಿ ಹೂವಿಗೆ ಹೊಡೆಯುತ್ತದೆ. ಓವನ್ ಒಳಗೆ ಇಡುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಈ ಕೆಲಸಕ್ಕೆ ಯಾವುದಾದರೂ ಒಂದೇ ಸಾಮಾನು ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಅಂತೀನಿ. ಥರ್ಮಾಮೀಟರ್ 15 ನಿಮಿಷ ಒಂದೇ ಕಡೆ ನಿಂತ ಮೇಲೆ ಡಬ್ಬಿ ಒಳಗಿಡಿ. ಡಬ್ಬಿಯ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಡೇರೆಯಂತೆ ಮುಚ್ಚಿ, ಅದು ಕ್ಲೇಗೆ ತಾಗದಿರಲಿ. ಇಷ್ಟು ಮಾಡಿದರೆ ಬಿಳಿ ಬಿಳಿಯಾಗೇ ಉಳಿಯುತ್ತದೆ.

ಕಂದು ಬಣ್ಣಕ್ಕೆ ಹೆದರಿ ಬಿಸಿ ಕಡಿಮೆ ಮಾಡುವವರೂ ಇದ್ದಾರೆ. ಅದು ಬೇಡ. ಅರೆಬೆಂದ ಕ್ಲೇ ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ, ಆದರೆ ಕೆಳಗೆ ಬಿದ್ದ ದಿನ ಒಡೆಯುತ್ತದೆ. ಸರಿಯಾಗಿ ಬೆಂದ ತೆಳು ಹಾಳೆ ಬಾಗುತ್ತದೆ, ಮುರಿಯುವುದಿಲ್ಲ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಮತ್ತೆ, ಕ್ಲೇ ಕಪ್ಪಾಗಿ ಹೊಗೆ ಬಂದರೆ ತಕ್ಷಣ ಓವನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಕೋಣೆಯಿಂದ ಹೊರಗೆ ಬನ್ನಿ. ಇದರ ಮೂಲವಸ್ತು ಪಿವಿಸಿ ಎಂಬ ಪ್ಲಾಸ್ಟಿಕ್. ಅದು ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಕಣ್ಣು, ಗಂಟಲು ಉರಿಸುತ್ತದೆ.

ಪ್ರಶ್ನೆ: ಹಾಗಾದರೆ ಇದು ಮಣ್ಣೇ ಅಲ್ಲವಾ?

ಉತ್ತರ: ಅಲ್ಲ. ಪಿವಿಸಿ ಪುಡಿ, ಅದನ್ನು ಮೆತ್ತಗೆ ಇಡುವ ಎಣ್ಣೆಯಂಥ ಪ್ಲಾಸ್ಟಿಸೈಜರ್, ಬಣ್ಣ, ಇವು ಸೇರಿ ಆದದ್ದು. ನೀರಿಲ್ಲದ ಕಾರಣ ಗಾಳಿಗೆ ಒಣಗುವುದಿಲ್ಲ, ಬಿಸಿ ತಾಗಿದಾಗಲೇ ಗಟ್ಟಿಯಾಗುವುದು. ಜರ್ಮನಿಯಲ್ಲಿ ಕೇಟೆ ಕ್ರೂಸೆ ಎಂಬ ಹೆಸರಾಂತ ಗೊಂಬೆ ತಯಾರಕಿ ಇದ್ದರು. ಇಂಥದೊಂದು ವಸ್ತು ಅವರ ಗೊಂಬೆಗಳ ಕೆಲಸಕ್ಕೆ ಸರಿಬರಲಿಲ್ಲ. ಅವರ ಮಗಳು ಫೀಫೀ ರೇಬಿಂಡರ್ ಅದನ್ನು ಬಿಡದೆ ಬೆಳೆಸಿದರು. 1964ರಲ್ಲಿ ಅದು ಎಬರ್‌ಹಾರ್ಡ್ ಫೇಬರ್ ಕಂಪನಿಗೆ ಹೋಯಿತು, ಫೀಮೋ ಆಗಿ ಅಂಗಡಿಗೆ ಬಂತು. ತಾಯಿ ಬದಿಗಿಟ್ಟದ್ದನ್ನು ಮಗಳು ಎತ್ತಿಕೊಂಡ ಈ ಕಥೆ ನನಗೆ ಬಹಳ ಪ್ರೀತಿಯದು.

ಪ್ರಶ್ನೆ: ಅಜ್ಜಿ ನನಗೆ ಬರೆದ ಒಂದು ಕಾಗದ ಇದೆ. ಅದರ ಕೊನೆಯ ಸಾಲು ಅವರ ಕೈಬರಹದಲ್ಲೇ ಮುಚ್ಚಳದ ಮೇಲೆ ಬರಬೇಕು. ಆಗುತ್ತದಾ ಅಕ್ಕಾ?

ಉತ್ತರ: ಆಗುತ್ತದೆ, ಮತ್ತು ಇದಕ್ಕಿಂತ ಒಳ್ಳೆಯ ಅಲಂಕಾರ ನನಗಂತೂ ಗೊತ್ತಿಲ್ಲ. ಮೂಲ ಕಾಗದವನ್ನು ಮಾತ್ರ ಕ್ಲೇ ಹತ್ತಿರ ತರಬೇಡಿ. ಕ್ಲೇಯಲ್ಲಿರುವ ಎಣ್ಣೆಯಂಥ ಅಂಶ ಕಾಗದಕ್ಕೆ ಇಳಿದು ಕಲೆ ಮಾಡುತ್ತದೆ.

ಆ ಸಾಲಿನ ಫೋಟೋ ತೆಗೆದು, ಹಿನ್ನೆಲೆ ಪೂರ್ತಿ ಬಿಳಿ, ಅಕ್ಷರ ಪೂರ್ತಿ ಕಪ್ಪು ಬರುವಂತೆ ಮಾಡಿಸಿ. ಆಮೇಲೆ ಅದನ್ನು ಎಡ ಬಲ ತಿರುಗಿಸಿ ಮುದ್ರಿಸಬೇಕು. ಇದನ್ನು ಮರೆತರೆ ಅಜ್ಜಿಯ ಅಕ್ಷರ ಮುಚ್ಚಳದ ಮೇಲೆ ತಿರುಗುಮುರುಗಾಗಿ ಕೂರುತ್ತದೆ. ಮುದ್ರಣ ಲೇಸರ್ ಪ್ರಿಂಟರ್‌ನಲ್ಲೇ ಆಗಬೇಕು, ಇಲ್ಲವೇ ಟೋನರ್ ಪುಡಿ ಬಳಸುವ ಜೆರಾಕ್ಸ್ ಯಂತ್ರದಲ್ಲಿ. ಕ್ಲೇಗೆ ಇಳಿಯುವುದು ಆ ಟೋನರ್. ಇಂಕ್‌ಜೆಟ್ ಶಾಯಿ ಈ ವಿಧಾನಕ್ಕೆ ಬರುವುದಿಲ್ಲ.

ಬಿಳಿ ಅಥವಾ ಕೆನೆ ಬಣ್ಣದ ಕ್ಲೇಯನ್ನು ಟೈಲ್ ಮೇಲೆ ನುಣ್ಣಗೆ ಲಟ್ಟಿಸಿ. ತಿಳಿ ಬಣ್ಣದ ಕ್ಲೇ ನಾದುವ ಮೊದಲು ಕೈ ಚೆನ್ನಾಗಿ ತೊಳೆಯಿರಿ, ಉಣ್ಣೆ ಬಟ್ಟೆ ತೊಟ್ಟಿದ್ದರೆ ಬದಲಿಸಿ. ಒಂದು ಎಳೆ ನೂಲು ಬಿದ್ದರೂ ಬಿಳಿಯಲ್ಲಿ ಎದ್ದು ಕಾಣುತ್ತದೆ. ಕಾಗದವನ್ನು ಅಕ್ಷರ ಕೆಳಗೆ ಬರುವಂತೆ ಮಲಗಿಸಿ, ಚಮಚದ ಬೆನ್ನಿನಿಂದ ಸಮವಾಗಿ ಉಜ್ಜಿ. ಈಗ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಕಾಗದದ ಬೆನ್ನಿಗೆ ಸವರಿ, ಮತ್ತೆ ಉಜ್ಜಿ, ಒಣಗಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಕೊನೆಯಲ್ಲಿ ಮೂಲೆ ಹಿಡಿದು ಕಾಗದವನ್ನು ಒಂದೇ ಸಲಕ್ಕೆ ಎಳೆಯಿರಿ. ನಿಧಾನವಾಗಿ ಬಿಡಿಸಿದರೆ ಅಕ್ಷರದ ಅರ್ಧ ಕಾಗದದಲ್ಲೇ ಉಳಿಯುತ್ತದೆ. ಹೇಗೂ ನಿಮ್ಮ ಹತ್ತಿರ ಫೋಟೋ ಇದೆ, ಒಂದೇ ಹಾಳೆಯಲ್ಲಿ ಆ ಸಾಲನ್ನು ಹಲವು ಸಲ ಮುದ್ರಿಸಿಕೊಳ್ಳಿ. ಚೆನ್ನಾಗಿ ಬಂದದ್ದನ್ನು ಆರಿಸಬಹುದು.

ಬೆಂದ ಮೇಲೆ ಅಕ್ಷರದ ಮೇಲೆ ನೀರು ಆಧಾರಿತ (ವಾಟರ್ ಬೇಸ್ಡ್) ಪಾಲಿಯುರೆಥೇನ್ ವಾರ್ನಿಷ್ ಒಂದೆರಡು ಪದರ ಹಾಕಿ. ಮುಚ್ಚಳ ತೆರೆಯುವಾಗ ಹೆಬ್ಬೆರಳು ತಾಗುವ ಜಾಗ ಇರುತ್ತದಲ್ಲ, ಅಲ್ಲಿಂದ ದೂರ ಬರಹ ಇಡಿ. ನನ್ನ ತಂದೆಯ ಕೈಗಡಿಯಾರ ಇಟ್ಟಿರುವ ನೀಲಿ ಡಬ್ಬಿಯಲ್ಲಿ ಬರಹ ಮುಚ್ಚಳದ ಹಿಂದಿನ ಅರ್ಧದಲ್ಲಿದೆ. ಮುಂದಿನ ಅರ್ಧ ಬೆರಳು ತಾಗಿ ತಾಗಿ ಹೊಳೆಯುತ್ತಿದೆ, ಬರಹ ಮಾತ್ರ ಹೊಸದರಂತೆಯೇ ಇದೆ.

ಪ್ರಶ್ನೆ: ನೈಲ್ ಪಾಲಿಶ್ ಹಚ್ಚಿದ ಡಬ್ಬಿ ತಿಂಗಳಾದರೂ ಕೈಗೆ ಅಂಟುತ್ತಿದೆ. ಯಾಕೆ?

ಉತ್ತರ: ಪಾಲಿಶ್‌ನ ದ್ರಾವಕಕ್ಕೂ ಕ್ಲೇಯ ಪ್ಲಾಸ್ಟಿಸೈಜರ್‌ಗೂ ಹೊಂದುವುದಿಲ್ಲ. ಅದು ಒಣಗುವುದೇ ಇಲ್ಲ, ಕಾಯಬೇಡಿ. ಹತ್ತಿಗೆ ಸ್ವಲ್ಪ ಅಸಿಟೋನ್ ಹಾಕಿ ಬೇಗ ಬೇಗ ಒರೆಸಿ. ಅಸಿಟೋನ್ ಕ್ಲೇಯ ಮೈಯನ್ನೂ ಕರಗಿಸುತ್ತದೆ, ಹಾಗಾಗಿ ಒಂದೇ ಕಡೆ ನಿಲ್ಲಿಸಬೇಡಿ. ಸೋಪು ನೀರಲ್ಲಿ ತೊಳೆದು, 600 ನಂಬರಿನ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ. ಸ್ಪ್ರೇ ಡಬ್ಬಿಗಳಲ್ಲಿ ಬರುವ ಹಲವು ವಾರ್ನಿಷ್‌ಗಳೂ ಹೀಗೇ ಅಂಟಂಟಾಗುತ್ತವೆ. ಪುಡಿ ಬಣ್ಣ ಹಚ್ಚಿಲ್ಲದಿದ್ದರೆ, ಬರಹ ಇಳಿಸಿಲ್ಲದಿದ್ದರೆ ವಾರ್ನಿಷ್ ಬೇಕೇ ಬೇಕು ಅಂತೇನಿಲ್ಲ. ಬೆಂದ ಕ್ಲೇಯನ್ನು ಉಜ್ಜಿ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಬರುವ ಹೊಳಪೇ ನನಗೆ ಹೆಚ್ಚು ಹಿಡಿಸುತ್ತದೆ.

ಪ್ರಶ್ನೆ: ಮಗನ ಮೊದಲ ಹಲ್ಲು, ಹುಟ್ಟಿದಾಗ ಕೈಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ, ಒಣಗಿಸಿದ ಒಂದು ಹೂವು, ನನ್ನ ಹರಿದ ಸರದ ಮುತ್ತುಗಳು. ಇವನ್ನೆಲ್ಲ ಮುಚ್ಚಳದ ಕ್ಲೇಯಲ್ಲೇ ಹುದುಗಿಸಬೇಕು ಅಂತ ಆಸೆ.

ಉತ್ತರ: ಆಸೆ ಅರ್ಥವಾಗುತ್ತದೆ. ಆದರೂ ಇವುಗಳಲ್ಲಿ ಯಾವುದನ್ನೂ ಓವನ್‌ಗೆ ಕಳಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪ್ಲಾಸ್ಟಿಕ್ ಪಟ್ಟಿ ಮುದುಡುತ್ತದೆ. ಹೂವು ಕಂದಾಗುತ್ತದೆ. ಮುತ್ತಿಗೆ ಬಿಸಿ ಆಗಿಬರುವುದಿಲ್ಲ. ಹಲ್ಲು ಒಂದೇ ಇರುವುದು. ನೆನಪಿನ ವಸ್ತುವಿನ ಜಾಗ ಡಬ್ಬಿಯ ಒಳಗೆ, ಹೊರಗೆ ಅದರ ಗುರುತು ಇದ್ದರೆ ಸಾಕು.

ಗುರುತು ಮಾಡಲು ಒಳ್ಳೆಯ ದಾರಿಗಳಿವೆ. ಮುತ್ತನ್ನು ಹಸಿ ಕ್ಲೇಯಲ್ಲಿ ಒತ್ತಿ ಗುಳಿ ಮಾಡಿ, ತೆಗೆದು, ಕ್ಲೇ ಬೇಯಿಸಿ, ಆಮೇಲೆ ಅದೇ ಗುಳಿಯಲ್ಲಿ ಎಪಾಕ್ಸಿ ಹಾಕಿ ಕೂರಿಸಿ. ಹೂವು ಒಣಗಿ ಪುಡಿಯಾಗುವಂತಿದ್ದರೆ ಅದನ್ನು ಬಿಟ್ಟು, ಅದೇ ಗಿಡದ ಒಂದು ಹಸಿ ಎಲೆ ತನ್ನಿ. ನರಗಳು ಎದ್ದಿರುವ ಬೆನ್ನಿನ ಬದಿಯನ್ನು ಕ್ಲೇ ಮೇಲೆ ಇಟ್ಟು ಲಟ್ಟಣಿಗೆ ಒಮ್ಮೆ ಹಾಯಿಸಿ. ಅಚ್ಚು ಬಂದ ಮೇಲೆ ಎಲೆ ತೆಗೆದು ಬೇಯಿಸಿ. ಗೆರೆಗಳಲ್ಲಿ ಕಂದು ಅಕ್ರಿಲಿಕ್ ಬಣ್ಣ ತುಂಬಿ ಮೇಲಿನದನ್ನು ಒರೆಸಿದರೆ ಒಂದೊಂದು ನರವೂ ಕಾಣುತ್ತದೆ. ನೇರವಾಗಿ ಕ್ಲೇಯಲ್ಲೇ ಇಟ್ಟು ಬೇಯಿಸಬಹುದಾದವೂ ಇವೆ: ಗಾಜಿನ ಮಣಿ, ಹಿತ್ತಾಳೆ ಬೀಗದ ಕೈ, ನಾಣ್ಯ, ಹತ್ತಿ ನೂಲಿನ ಲೇಸು. ಅಂಗಿಯ ಗುಂಡಿ ಪ್ಲಾಸ್ಟಿಕ್ಕಿನದಾದರೆ ಬೇಡ. ಮತ್ತೆ, ಈ ಕೆಲಸಕ್ಕೆ ಬಳಸಿದ ಲಟ್ಟಣಿಗೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ಪ್ರಶ್ನೆ: ಎಲ್ಲಿ ಅಡ್ಡ ಕತ್ತರಿಸಿದರೂ ಹೂವಿನ ಚಿತ್ರ ಕಾಣುವಂಥ ಕ್ಲೇ ಕೋಲು ಮಾಡಿ ಬಿಲ್ಲೆ ಕತ್ತರಿಸಿದರೆ ಎಸಳೆಲ್ಲ ಕಲಸಿಹೋಗುತ್ತವೆ.

ಉತ್ತರ: ಕೋಲು ಕೈಬಿಸಿಗೆ ಮೆತ್ತಗಾಗಿದೆ, ಅಷ್ಟೆ. ಉದ್ದ ಎಳೆದು ಸಣ್ಣ ಮಾಡಿದ ಮೇಲೆ ರಾತ್ರಿಯಿಡೀ ಬಿಡಿ, ಇಲ್ಲವೇ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತೆಳು ಬ್ಲೇಡಿನಿಂದ, ಪ್ರತಿ ಸಲ ಕೋಲನ್ನು ಸ್ವಲ್ಪ ತಿರುಗಿಸಿ ಕತ್ತರಿಸಿ. ಇಲ್ಲದಿದ್ದರೆ ಒಂದೇ ಬದಿ ಚಪ್ಪಟೆಯಾಗುತ್ತದೆ. ಕ್ಲೇ ಮೊದಲೇ ತೀರಾ ಮೆತ್ತಗಿದ್ದರೆ ಹಾಳೆಯಾಗಿ ಲಟ್ಟಿಸಿ ಎರಡು ಬಿಳಿ ಕಾಗದಗಳ ನಡುವೆ ಕೆಲವು ಗಂಟೆ ಇಡಿ, ಹೆಚ್ಚಿನ ಎಣ್ಣೆಯನ್ನು ಕಾಗದ ಹೀರುತ್ತದೆ. ಎಸಳಿಗೆ ಒಂದು ಬಣ್ಣ ಇನ್ನೊಂದರೊಳಗೆ ಕರಗಿದಂತೆ ಬೇಕಿದ್ದರೆ ಜುಡಿತ್ ಸ್ಕಿನ್ನರ್ ಅವರ ಹೆಸರಿನ ಸ್ಕಿನ್ನರ್ ಬ್ಲೆಂಡ್ ಕಲಿಯಿರಿ. ಎರಡು ಬಣ್ಣದ ತ್ರಿಕೋನಗಳನ್ನು ಜೋಡಿಸಿ, ಯಾವಾಗಲೂ ಒಂದೇ ದಿಕ್ಕಿಗೆ ಮಡಿಸಿ ಮತ್ತೆ ಮತ್ತೆ ಲಟ್ಟಿಸುವುದು, ಇಷ್ಟೇ ವಿಧಾನ. ಬಿಲ್ಲೆಗಳನ್ನು ಡಬ್ಬಿಯ ಮೇಲೆ ಜೋಡಿಸಿದ ಮೇಲೆ ಕಾಗದ ಮುಚ್ಚಿ ಬೆರಳಿನಿಂದ ಸವರಿ, ನಡುವಿನ ಗೆರೆಗಳು ಸೇರಿಕೊಳ್ಳುತ್ತವೆ.

ಪ್ರಶ್ನೆ: ಹತ್ತು ವರ್ಷದ ಮಗಳು ತಾನೇ ಮಾಡುತ್ತೇನೆ ಅನ್ನುತ್ತಾಳೆ. ಬಿಡಬಹುದಾ?

ಉತ್ತರ: ಖಂಡಿತ ಬಿಡಿ. ಥ್ಯಾಲೇಟ್ (ಒಂದು ಬಗೆಯ ಪ್ಲಾಸ್ಟಿಸೈಜರ್) ಇಲ್ಲ ಎಂದು ಬರೆದಿರುವ ಕ್ಲೇ ತನ್ನಿ. ಬ್ಲೇಡು ಮತ್ತು ಓವನ್ ನಿಮ್ಮ ಕೈಯಲ್ಲಿರಲಿ, ಕೆಲಸ ಮುಗಿದ ಮೇಲೆ ಅವಳು ಸೋಪು ಹಾಕಿ ಕೈ ತೊಳೆಯಲಿ. ಮೊದಲ ಡಬ್ಬಿಗೆ ರಟ್ಟಿನದೇ ಒಳ್ಳೆಯದು, ಅದಕ್ಕೂ ಬಿಳಿ ಅಂಟಿನ ಪದರ ಹಾಕಿಕೊಡಿ. ವಿನ್ಯಾಸದಲ್ಲಿ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ಉಳಿದ ಕ್ಲೇ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯೇ ಕರಗಿದೆ. ಜೊತೆಗೆ, ಬೆಂದ ಮುಚ್ಚಳದ ಮೂಲೆಯಲ್ಲಿ ಬಿರುಕು ಬಂದಿದೆ. ಎರಡಕ್ಕೂ ಉಪಾಯ ಹೇಳಿ ಅಕ್ಕಾ.

ಉತ್ತರ: ಗಾಜಿನಂತೆ ಪಾರದರ್ಶಕವಾಗಿರುವ ಗಡಸು ಪ್ಲಾಸ್ಟಿಕ್ ಡಬ್ಬಿಗಳು ಹೆಚ್ಚಾಗಿ ಪಾಲಿಸ್ಟೈರೀನ್. ಹಸಿ ಕ್ಲೇ ಅದನ್ನು ಕರಗಿಸುತ್ತದೆ. ಅಡಿಯಲ್ಲಿ ತ್ರಿಕೋನದೊಳಗೆ 5 ಎಂದು ಬರೆದಿರುವ ಪಾಲಿಪ್ರೊಪಿಲೀನ್ ಡಬ್ಬಿ ಸರಿಹೋಗುತ್ತದೆ. ಬಿಸಿಲು ಬೀಳದ ಕಡೆ ಇಡಿ.

ಬಿರುಕಿಗೆ ಕಾರಣ ಹಲವು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿರಬಹುದು. ಬಿಸಿ ಡಬ್ಬಿಯನ್ನು ಥಟ್ಟನೆ ಗಾಳಿಗೆ ತೆಗೆದಿರಬಹುದು. ಮೂಲೆಯಲ್ಲಿ ಎರಡು ಹಾಳೆಗಳನ್ನು ಸುಮ್ನೆ ತಾಗಿಸಿ ಬಿಟ್ಟಿರಬಹುದು, ಸರಿಯಾಗಿ ಬೆಸೆಯದೆ. ಬಿರುಕಿನೊಳಗೆ ದ್ರವ ಪಾಲಿಮರ್ ಕ್ಲೇಯನ್ನು ಸೂಜಿ ಮೊನೆಯಿಂದ ತುಂಬಿ, ಮೇಲಿನದನ್ನು ಒರೆಸಿ, ಮೊದಲಿನ ಬಿಸಿಯಲ್ಲೇ ಮತ್ತೆ 20 ನಿಮಿಷ ಬೇಯಿಸಿ. ಬೆಂದ ಕ್ಲೇಯನ್ನು ಎಷ್ಟು ಸಲ ಬೇಕಾದರೂ ಬೇಯಿಸಬಹುದು, ಬಿಸಿ ಹದ ಮೀರದಿದ್ದರೆ ಸಾಕು. ಆಮೇಲೆ ಓವನ್ ಆರಿಸಿ, ಬಾಗಿಲನ್ನು ಸ್ವಲ್ಪವೇ ತೆರೆದು, ಡಬ್ಬಿ ಅಲ್ಲೇ ತಣ್ಣಗಾಗಲಿ. ಒಳಗೆ ಮಖಮಲ್ ಬಟ್ಟೆ ಅಂಟಿಸುವ ಯೋಚನೆ ಇದ್ದರೆ ಮರುದಿನ ಅಂಟಿಸಿ. ಬಟ್ಟೆ ಅಂಚಿನ ಮೇಲೆ ಬರದಂತೆ ಎರಡು ಮಿಲಿಮೀಟರ್ ಕೆಳಗೆ ಕತ್ತರಿಸಿ, ಮುಚ್ಚಳ ಮತ್ತೆ ಬಿಗಿಯಾಗಬಾರದಲ್ಲ.